ಅನುಭವದ ಕಾಲಂ

ಬೆಳಿಗ್ಗೆ ಒಂಬತ್ತಕ್ಕೆ ಕುಮುದಾ ಶಾಲೆಯ ಶೌಚಾಲಯ ತೊಳೆಯುತ್ತಿದ್ದಳು. ಹತ್ತೂಕಾಲಿಗೆ ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದಳು. ಎರಡೂ ಅವಳ ಕೆಲಸವಲ್ಲ. ಕಾಗದದ ಮೇಲೆ ಅವಳು ಬಿಸಿಯೂಟದ ಅಡುಗೆ ಸಹಾಯಕಿ. ಆ ಅಡುಗೆಕೋಣೆಯ ಒಲೆಯ ಮುಂದೆ ಅವಳು ನಿಂತದ್ದು ಮೂರು ವರ್ಷದಲ್ಲಿ ಮೂರೇ ದಿನ.

ಮಾಸ್ತಿಕಟ್ಟೆಯ ಟಾರು ರಸ್ತೆ ಬಿಟ್ಟು ಒಂದು ಗಂಟೆ ಒಳಗೆ ನಡೆದರೆ ಸಿಗುವ ಊರು ಅದು. ನಲವತ್ತೊಂದು ಮಕ್ಕಳ ಸರ್ಕಾರಿ ಶಾಲೆ. ಕೆಲಸಕ್ಕೆ ಸೇರಿದ ಮೊದಲ ದಿನ ಅವಳು ಅನ್ನ ಮಾಡಿದಳು. ಎರಡನೆಯ ದಿನ ಮೇಲಿನ ಕೇರಿಯ ಮಕ್ಕಳು ಹೊಟ್ಟೆನೋವು ಎಂದರು. ಮೂರನೆಯ ದಿನ ಮನೆಯಿಂದ ಡಬ್ಬಿ ತಂದರು. ಯಾರೂ ಜಗಳ ಮಾಡಲಿಲ್ಲ. ಯಾರೂ ಜಾತಿಯ ಹೆಸರೆತ್ತಲಿಲ್ಲ. ಮೂವತ್ತೆರಡು ಡಬ್ಬಿಗಳು ಸಾಲಾಗಿ ಕೂತವು, ಅಷ್ಟೆ. ಕಾಲೋನಿಯ ಒಂಬತ್ತು ಮಕ್ಕಳು ಮಾತ್ರ ತಟ್ಟೆ ಹಿಡಿದು ಬಂದವು.

ನಾಲ್ಕನೆಯ ದಿನ ಹೆಡ್‌ಮಾಸ್ಟರ್ ಮಂಜುನಾಥಪ್ಪ ಅವಳನ್ನು ಕೋಣೆಗೆ ಕರೆದರು.

"ನೋಡು ಕುಮುದಾ, ನಂಗೆ ಅದೆಲ್ಲ ಇಲ್ಲ. ನಾನು ಪೇಟೆ ಹೋಟ್ಲಲ್ಲಿ ಉಣ್ಣೋನು. ಆದ್ರೆ ಊರು ಅಂದ್ಮೇಲೆ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು. ಶಂಕರಘಟ್ಟಕ್ಕೆ ಹೋಗಿ ಎಂ.ಎ. ಮಾಡಿದೀಯ, ಸಾಗರದಲ್ಲಿ ಬಿ.ಎಡ್. ಮಾಡಿದೀಯ. ನೀನ್ಯಾಕೆ ಸೌಟು ಹಿಡ್ಕೊಂಡು ನಿಲ್ಬೇಕು? ಪಾಠ ಮಾಡು. ಅಡುಗೆ ರಂಗಮ್ಮ ನೋಡ್ಕೋತಾಳೆ."

"ಹೆಸರು?"

"ಹೆಸರು ಅಡುಗೆದ್ರಲ್ಲೇ ಇರ್ಲಿ. ಅದನ್ನ ಬದ್ಲಾಯ್ಸೋಕೆ ಹೋದ್ರೆ ನೂರೆಂಟು ತಾಪತ್ರಯ." ಅವಳು ಬಾಗಿಲ ಹತ್ತಿರ ಹೋದಾಗ ಸೇರಿಸಿದರು. "ಹಾಂ, ಬೆಳಿಗ್ಗೆ ಒಂಚೂರು ಬೇಗ ಬಂದು ಟಾಯ್ಲೆಟ್ ಕಡೆ ನೀರು ಹಾಕ್ಬಿಡು. ಅದಕ್ಕೆ ಯಾರೂ ಇಲ್ಲ."

ಅದಕ್ಕೆ ಯಾರೂ ಇರಲಿಲ್ಲ. ಬಾವಿಯಿಂದ ಹನ್ನೆರಡು ಕೊಡ ನೀರು ಸೇದಬೇಕು. ಸೊಂಟಕ್ಕಿಟ್ಟು ಮೈದಾನ ದಾಟಬೇಕು. ಉಜ್ಜಬೇಕು. ಆಮೇಲೆ ಮೊಣಕೈವರೆಗೆ ಸೋಪು ಹಾಕಿ ತೊಳೆದು ಚಾಕ್‌ಪೀಸ್ ಹಿಡಿಯಬೇಕು. ಅವಳ ಕೈ ತಾಗಿದ ಅನ್ನ ಆ ಮಕ್ಕಳಿಗೆ ಆಗುತ್ತಿರಲಿಲ್ಲ. ಅವಳು ಕೈಹಿಡಿದು ತಿದ್ದಿಸಿದ ಅಕ್ಷರ ಆಗುತ್ತಿತ್ತು.

ಶಾಲೆಯಲ್ಲಿ ಒಬ್ಬಳು ಅತಿಥಿ ಶಿಕ್ಷಕಿಯೂ ಇದ್ದಳು. ಇದ್ದಳು ಎಂದರೆ ಹಾಜರಿ ಪುಸ್ತಕದಲ್ಲಿ. ಹೆಸರು ಪ್ರತಿಮಾ. ಶಾಲಾ ಸಮಿತಿಯ ಅಧ್ಯಕ್ಷ ರಾಜೇಂದ್ರನ ತಮ್ಮನ ಹೆಂಡತಿ. ಮನೆ ಸಾಗರದಲ್ಲಿ. ತಿಂಗಳ ಕೊನೆಗೆ ಕಾರಿನಲ್ಲಿ ಬಂದು, ಇಡೀ ತಿಂಗಳ ಸಹಿಗಳನ್ನು ಒಂದೇ ಸಲ ಹಾಕಿ, ಭಾವನ ಮನೆಯಲ್ಲಿ ಉಂಡು ಹೋಗುತ್ತಿದ್ದಳು. ಬಿಸಿಯೂಟಕ್ಕೆ ಒಂದು ನಿಯಮವಿದೆ. ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರೊಬ್ಬರು ಉಂಡು ನೋಡಿ, ರುಚಿ ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಪುಸ್ತಕದಲ್ಲಿಯೂ ಪ್ರತಿಮಾಳ ಸಹಿಗಳಿದ್ದವು. 'ಸಾಂಬಾರು ರುಚಿಯಾಗಿದೆ' ಎಂದು ದಿನದಿನವೂ ಬರೆದಿತ್ತು. ಸಾಗರದಲ್ಲಿ ಕೂತು ಮಾಸ್ತಿಕಟ್ಟೆಯ ಸಾಂಬಾರಿನ ರುಚಿ ನೋಡುವಷ್ಟು ಉದ್ದದ ನಾಲಗೆ.

ಅವಳ ತರಗತಿಗಳನ್ನು ಕುಮುದಾ ತೆಗೆದುಕೊಳ್ಳುತ್ತಿದ್ದಳು. ಗೌರವಧನ ಪ್ರತಿಮಾಳ ಖಾತೆಗೆ ಹೋಗುತ್ತಿತ್ತು. ಮಕ್ಕಳು ಟೀಚರ್ ಎನ್ನಬಾರದೆಂದು ಹೆಡ್‌ಮಾಸ್ಟರರ ಅಪ್ಪಣೆ. ಕುಮುದಕ್ಕ ಎನ್ನಬೇಕು. ತಪಾಸಣೆಗೆ ಜೀಪು ಬಂದ ಶಬ್ದವಾದರೆ ಅವಳು ಚಾಕ್‌ಪೀಸ್ ಇಟ್ಟು ಪೊರಕೆ ಹಿಡಿದು ಅಂಗಳಕ್ಕೆ ಇಳಿಯಬೇಕು. ಇಳಿಯುತ್ತಿದ್ದಳು.

ಇದಕ್ಕೆಲ್ಲ ಒಪ್ಪಿದ ಆ ವರ್ಷ ಅವಳಿಗೆ ಯಾವುದೂ ತಾಗುತ್ತಿರಲಿಲ್ಲ. ಗಂಡ ದುರ್ಗೇಶ್ ಗುತ್ತಿಗೆದಾರನೊಬ್ಬನ ಕೈಕೆಳಗೆ ಕರೆಂಟಿನ ಲೈನ್ ಎಳೆಯುವ ಕೆಲಸಕ್ಕೆ ಹೋಗುತ್ತಿದ್ದ. ಕಂಬದ ಮೇಲೇ ಸತ್ತ. ಹದಿನೈದು ನಿಮಿಷ ಅಲ್ಲೇ ನೇತಾಡುತ್ತಿದ್ದ. ಅವನ ಹೆಸರು ಕೆಲಸಗಾರರ ಪಟ್ಟಿಯಲ್ಲಿರಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದವನು ತಂತಿ ತುಳಿದ ಎಂದು ಗುತ್ತಿಗೆದಾರ ಬರೆಸಿಕೊಂಡು ಬಂದ. ಕೆಳಗೆ ಬೆರಳಿಟ್ಟು ತೋರಿಸಿದ. ಕುಮುದಾ ಓದಿದಳು. ಎಂ.ಎ. ಓದಿದವಳು, ಎಲ್ಲವೂ ಅರ್ಥವಾಯಿತು. ಸಹಿ ಹಾಕಿದಳು. ಆಮೇಲೆ ಎಷ್ಟೋ ತಿಂಗಳು, ಬಿಸಿ ಪಾತ್ರೆ ಹಿಡಿದರೂ ಗುಳ್ಳೆ ಎದ್ದ ಮೇಲೆಯೇ ಕೈ ಸುಟ್ಟದ್ದು ಗೊತ್ತಾಗುತ್ತಿತ್ತು.

ತೀರ್ಥಹಳ್ಳಿಯ ಒಂದು ಖಾಸಗಿ ಶಾಲೆಗೆ ಕನ್ನಡ ಶಿಕ್ಷಕಿ ಬೇಕಾಗಿದ್ದಾರೆ ಎಂಬ ಜಾಹೀರಾತು ಕಂಡದ್ದು ಈ ಫೆಬ್ರವರಿಯಲ್ಲಿ. ಇರಲು ಎರಡು ಕೋಣೆಯ ಮನೆ ಕೊಡುತ್ತಾರೆ. ಅತ್ತೆ ಬೆಳ್ಳಮ್ಮನನ್ನು ಕರೆದುಕೊಂಡು ಹೋಗಬಹುದು. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿರುತ್ತದೆ. ಕುಮುದಾ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡಳು. ಮೂರು ವರ್ಷದಲ್ಲಿ ಅವಳು ಬೇಕು ಎಂದು ತೆಗೆದಿಟ್ಟುಕೊಂಡ ಮೊದಲ ವಸ್ತು ಅದು.

ರೆಸ್ಯೂಮೆ ಮಾಡಿಸಲು ಹೊಸನಗರಕ್ಕೆ ಹೋದಳು. ಬಸ್‌ಸ್ಟ್ಯಾಂಡಿನ ಎದುರಿನ ಟೈಪಿಂಗ್ ಅಂಗಡಿ. ಅದರ ಕೃಷ್ಣಕುಮಾರ್ ಕೀಬೋರ್ಡಿನಿಂದ ಕಣ್ಣೆತ್ತದೆ ಕೇಳುತ್ತಾ ಹೋದ.

"ಮದುವೆ?"

"ಆಗಿತ್ತು. ಗಂಡ ಇಲ್ಲ."

"ಮ್ಯಾರೀಡ್ ಅಂತ ಹಾಕ್ತೀನಿ. ವಿಧವೆ ಅಂದ್ರೆ ಖಾಸಗಿಯವ್ರು ಹಿಂದೆಮುಂದೆ ನೋಡ್ತಾರೆ. ಫೋಟೋಕ್ಕೆ ಕೂರೋವಾಗ ಒಂದು ಬೊಟ್ಟು ಇಟ್ಕಳಿ. ಅಡ್ರೆಸ್?"

ಹೇಳಿದಳು.

"ಕಾಲೋನಿ ಅನ್ನೋದು ಬೇಡ ಅಕ್ಕ. ಅಂಚೆ ಮಾಸ್ತಿಕಟ್ಟೆ ಅಂದ್ರೆ ಸಾಕು, ಕಾಗದ ತಲುಪತ್ತೆ. ಈಗ ಎಂತ ಕೆಲಸ?"

"ಬಿಸಿಯೂಟದಲ್ಲಿ."

ಅವನ ಬೆರಳುಗಳು ನಿಂತವು. "ಅದಂತೂ ಬೇಡವೇ ಬೇಡ."

"ಹೆಸರಾದ್ರೂ ಇರ್ಲಾ?" ಎಂದಳು ಕುಮುದಾ.

ಅವನು ನಕ್ಕ. ಕೆಟ್ಟವನಲ್ಲ. ಇಂಥವು ನೂರಾರು ಮಾಡಿದವನು. ಯಾವುದನ್ನು ಬಿಟ್ಟರೆ ಅರ್ಜಿ ಗಟ್ಟಿಯಾಗುತ್ತದೆ ಎಂದು ಬಲ್ಲವನು. 'ಗುರಿ' ಎಂಬಲ್ಲಿ ಎಲ್ಲರಿಗೂ ಹಾಕುವ ಸಾಲನ್ನೇ ಹಾಕಿದ. ಮಕ್ಕಳ ಸರ್ವಾಂಗೀಣ ಬೆಳವಣಿಗೆಗೆ ನನ್ನನ್ನು ಅರ್ಪಿಸಿಕೊಳ್ಳುವುದು. ಹವ್ಯಾಸ ಎಂಬಲ್ಲಿ ಅವಳನ್ನು ಕೇಳದೆಯೇ ತೋಟಗಾರಿಕೆ ಎಂದು ಹಾಕಿದ. ಅನುಭವ ಎಂಬ ಕಾಲಂ ಖಾಲಿ ಉಳಿಯಿತು.

"ಇದು ಖಾಲಿ ಇದ್ರೆ ಓದೋದೇ ಇಲ್ಲ, ಬದಿಗಿಡ್ತಾರೆ. ಪಾಠ ಮಾಡಿದೀರಾ?"

"ಮೂರು ವರ್ಷ."

"ಮತ್ತೆಂತ ಚಿಂತೆ? ಹೆಡ್‌ಮಾಸ್ಟ್ರ ಹತ್ರ ಒಂದು ಅನುಭವ ಪತ್ರ ತನ್ನಿ. ಸೀಲು ಹಾಕ್ಸಿ."

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಅವಳು ಹೆಡ್‌ಮಾಸ್ಟರರ ಕೋಣೆಗೆ ಹೋದಳು. ಪ್ರತಿಮಾ ಅಲ್ಲಿ ಕುರ್ಚಿಯಲ್ಲಿ ಕೂತಿದ್ದಳು. ತೀರ್ಥಹಳ್ಳಿಯ ಶಾಲೆಗೆ ಹಾಕಲು ಅನುಭವ ಪತ್ರ ಬೇಕೆಂದು ಕುಮುದಾ ನಿಂತೇ ಹೇಳಿದಳು. ಮಂಜುನಾಥಪ್ಪ ಕನ್ನಡಕ ತೆಗೆದರು.

"ಎಂತ ಅಂತ ಕೊಡ್ಲಿ? ಅಡುಗೆ ಸಹಾಯಕಿ ಅಂತ ಬೇಕಾದ್ರೆ ಈಗ್ಲೇ ಕೊಡ್ತೀನಿ. ಮೂರು ವರ್ಷ ಅಚ್ಚುಕಟ್ಟಾಗಿ ಅಡುಗೆ ಮಾಡಿದಾಳೆ ಅಂತ."

"ನಾನು ಅಡುಗೆ ಮಾಡಿಲ್ಲ ಸರ್."

"ಅದು ನಂಗೂ ನಿಂಗೂ ಗೊತ್ತು."

"ಪಾಠ ಮಾಡಿದೀನಿ."

"ಅದೂ ಗೊತ್ತು. ಬರೆಯೋಕೆ ಬರಲ್ಲ. ಬರೆದ್ರೆ ನನ್ನ ಪಿಂಚಣಿಗೆ ಕುತ್ತು."

ಪ್ರತಿಮಾ ಮೊಬೈಲು ಕೆಳಗಿಟ್ಟಳು. ಅವಳದು ಸಲೀಸು ಮಾತು, ಮುಚ್ಚುಮರೆ ಇಲ್ಲ. "ಕುಮುದಾ, ನಂಗೂ ಅದೇ ಶಾಲೆಗೆ ಹಾಕ್ಬೇಕು ಮಾರಾಯ್ತಿ. ನಮ್ಮನೆಯವ್ರಿಗೆ ತೀರ್ಥಹಳ್ಳಿಗೆ ವರ್ಗ ಆಯ್ತು. ಅನುಭವ ಪತ್ರ ಸರ್ ಕೊಟ್ಟಿದಾರೆ. ರೆಸ್ಯೂಮೆಯಲ್ಲಿ ಎಂತೆಂತ ಕಲಿಸಿದೆ, ಹೆಂಗೆ ಕಲಿಸಿದೆ ಅಂತ ಬರೀಬೇಕಂತೆ. ನೀನೇ ಬರ್ಕೊಡು. ನಂಗೆ ಕನ್ನಡ ಬರೆಯೋದೇ ಮರ್ತೋಗಿದೆ."

"ಬರ್ಕೊಡು," ಎಂದರು ಮಂಜುನಾಥಪ್ಪ. "ಅವ್ರು ಹೋದ್ರೆ ಇಲ್ಲಿ ಜಾಗ ಖಾಲಿ. ಮುಂದಿನ ವರ್ಷದ ಪಟ್ಟಿಗೆ ನಿನ್ನ ಹೆಸರೇ ಕಳಿಸ್ತೀನಿ. ಆಮೇಲೆ ಒಂದು ವರ್ಷ ಬಿಟ್ಟು ನೀನೂ ಎಲ್ಲಿಗಾದ್ರೂ ಹಾಕು. ಎಂತ ಅವಸರ?"

ಹಾಳೆ ಮುಂದೆ ಬಂತು. ಪೆನ್ನು ಬಂತು. ಕೂರು ಎಂದು ಯಾರೂ ಹೇಳಲಿಲ್ಲ. ಕುಮುದಾ ಮೇಜಿಗೆ ಬಗ್ಗಿ ಬರೆಯತೊಡಗಿದಳು. ಹೆಸರು ಬರೆದಳು. ವಿದ್ಯಾರ್ಹತೆ ಬರೆದಳು. ಅಕ್ಷರ ದುಂಡಗಿತ್ತು. ಅನುಭವ ಎಂದು ಬರೆದು ಕೆಳಗೆ ಗೆರೆ ಎಳೆದಳು.

ಬರೆಯಲು ಬೇಕಾದಷ್ಟಿತ್ತು. ಎರಡು ವರ್ಷ ಬಾಯಿಬಿಡದ ಐದನೆಯ ತರಗತಿಯ ಸುಷ್ಮಾ ಎದ್ದು ನಿಂತು ಒಂದು ಪುಟ ಓದಿದ್ದು. ಬಾವಿಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿ ಊರಿನ ಪದಗಳ ಪಟ್ಟಿ ಬರೆಸಿದ್ದು. ಭಿನ್ನರಾಶಿಗೆ ರೊಟ್ಟಿ ಹರಿದು ತೋರಿಸಬೇಕು ಎಂದು ಬಿ.ಎಡ್.ನಲ್ಲಿ ಹೇಳಿಕೊಟ್ಟಿದ್ದರು. ಅರ್ಧ ಇವಳಿಗೆ, ಕಾಲು ಅವನಿಗೆ. ಅವಳ ಮನೆಯ ರೊಟ್ಟಿಯನ್ನು ಆ ಮಕ್ಕಳ ಕೈಗೆ ಕೊಡುವಂತಿರಲಿಲ್ಲ. ಅದಕ್ಕೆ ಅವಳು ಬಾಳೆಲೆ ದುಂಡಗೆ ಕತ್ತರಿಸಿ ಹರಿದಳು. ಮಕ್ಕಳು ಎಲೆಯ ಚೂರು ಹಿಡಿದು ಮುಕ್ಕಾಲು ಎಂದರು. ಕಲಿತರು.

ಆ ಬಾಳೆಲೆಯನ್ನೂ ಈಗ ಪ್ರತಿಮಾಳ ಹೆಸರಿನ ಕೆಳಗೆ ಬರೆಯಬೇಕಿತ್ತು. 'ಪರಿಸರದ ವಸ್ತುಗಳಿಂದ ಬೋಧನೆ' ಎಂದು. ಚೆನ್ನಾಗಿ ಕಾಣುತ್ತಿತ್ತು.

ಅವಳು ಪೆನ್ನಿನ ಮುಚ್ಚಳ ಹಾಕಿದಳು.

"ಇದನ್ನ ನೀವೇ ಬರೀರಿ ಮೇಡಂ."

"ಯಾಕೆ?"

"ಎಂತ ಮಾಡಿದೀರಿ ಅಂತ ನಿಮ್ಗೇ ಗೊತ್ತಿರತ್ತೆ."

ಪ್ರತಿಮಾಳ ಮುಖ ಕೆಂಪಾಯಿತು. ಮಂಜುನಾಥಪ್ಪ ಹಾಳೆ ಎಳೆದುಕೊಂಡರು. "ಕೂಲಿಗೆ ಹೋಗ್ತಿದ್ದೋಳು ನೀನು. ಒಳಗೆ ಬಿಟ್ಕೊಂಡಿದ್ದು ನಾನು. ನೆನಪಿರ್ಲಿ."

ನೆನಪಿತ್ತು.

ಭಾನುವಾರ ಬೆಳ್ಳಮ್ಮ ಅಂಗಳದಲ್ಲಿ ಸೌದೆ ಒಡೆಯುತ್ತಿದ್ದಳು. ಕುಮುದಾ ಚಕ್ಕೆಗಳನ್ನು ಆಯುತ್ತಾ ಎಲ್ಲ ಹೇಳಿದಳು. ಮುದುಕಿ ಕೊಡಲಿ ನಿಲ್ಲಿಸಲಿಲ್ಲ.

"ನನ್ನ ಮಗ ಕಂಬನೇ ಹತ್ಲಿಲ್ಲ ಅಂತ ಬರ್ಕಂಡ್ರು. ನೀನು ಶಾಲೆ ಒಳಗೇ ಹೋಗ್ಲಿಲ್ಲ ಅಂತ ಬರ್ಕತಾರೆ. ಅವ್ರ ಹತ್ರ ಪುಸ್ತಕ ಐತೆ, ಬರ್ಕತಾರೆ." ಒಂದು ಏಟು ಹಾಕಿದಳು. ಸೌದೆ ಎರಡಾಯಿತು. "ಆ ಪುಸ್ತಕದಲ್ಲಿ ನಿಂದು ಎಂತ ಕೆಲ್ಸ ಅಂತ ಐತೆ?"

"ಅಡುಗೆ."

"ಅದನ್ನಾರೂ ಮಾಡಕೆ ಬಿಟ್ರಾ?"

ಕುಮುದಾ ಚಕ್ಕೆಗಳನ್ನು ಬುಟ್ಟಿಗೆ ತುಂಬಿದಳು.

ಸೋಮವಾರ ಅವಳು ಶೌಚಾಲಯದ ಕಡೆ ಹೋಗಲಿಲ್ಲ. ಕೈಕಾಲು ತೊಳೆದು, ಸೆರಗು ಸಿಕ್ಕಿಸಿ, ನೇರ ಅಡುಗೆಕೋಣೆಯ ಹೊಸ್ತಿಲು ದಾಟಿದಳು. ರಂಗಮ್ಮ ಬೇಳೆ ತೊಳೆಯುತ್ತಿದ್ದಳು. ಮೇಲಿನ ಕೇರಿಯವಳು, ಐವತ್ತು ದಾಟಿದವಳು.

"ಎಂತ ಮಾರಾಯ್ತಿ, ಇತ್ಲಾಗೆ ಬಂದ್ಯಲ್ಲ?"

"ಅಡುಗೆಗೆ."

"ತಮಾಷೆ ಮಾಡ್ಬ್ಯಾಡ."

"ಪುಸ್ತಕದಲ್ಲಿ ಇದೇ ನನ್ನ ಕೆಲಸ ರಂಗಮ್ಮ."

ರಂಗಮ್ಮ ಅವಳನ್ನು ದಿಟ್ಟಿಸಿ ನೋಡಿದಳು. ಬಾಗಿಲ ಕಡೆ ನೋಡಿದಳು. "ನನ್ನ ಹೊಟ್ಟೆ ಮೇಲೆ ಹೊಡೀಬ್ಯಾಡ ಕಣೇ. ಮನೇಲಿ ಕಾಯಿಲೆ ಗಂಡ ಅವ್ನೆ." ಆಮೇಲೆ ಸೊಂಟ ಹಿಡಿದು ಎದ್ದಳು. "ಮೂರು ವರ್ಷ ಇಬ್ಬರ ಕೆಲ್ಸ ಒಬ್ಳೇ ಮಾಡೀನಿ. ಈ ಹಂಡೆ ಎತ್ತಿ ಎತ್ತಿ ಸೊಂಟ ಹೋತು. ನಂಗೇನು ಖುಷಿ ಅಂತ ಮಾಡೀಯಾ?" ಈಳಿಗೆಮಣೆಯನ್ನು ಕಾಲಿನಿಂದ ಕುಮುದಾಳ ಕಡೆ ತಳ್ಳಿದಳು. "ಸೌತೆಕಾಯಿ ಹೆಚ್ಚು. ನಾನು ಹೇಳ್ದೆ ಅಂತ ಹೇಳ್ಬ್ಯಾಡ."

ಕುಮುದಾ ಹೆಚ್ಚಿದಳು. ಅಕ್ಕಿ ತೊಳೆದಳು. ನೀರು ತುಂಬಿದ ಹಂಡೆಯನ್ನು ಒಲೆಗೇರಿಸಿದಳು. ನೀರು ಕುದಿದ ಮೇಲೆ ಅಕ್ಕಿ ಸುರಿಯುವಾಗ ಕೈ ಜಾರಿ ಎರಡು ಬೆರಳು ಕಾದ ಅಂಚಿಗೆ ತಾಗಿದವು.

ಪ್ರಾರ್ಥನೆ ಮುಗಿಯಿತು. ಏಳನೆಯ ತರಗತಿಯಿಂದ ಗದ್ದಲ ಎದ್ದಿತು. ಮಂಜುನಾಥಪ್ಪ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಕಾಲಿಡಲಿಲ್ಲ.

"ಎಂತ ನಾಟಕ ಇದು? ಕ್ಲಾಸಿಗೆ ಹೋಗು."

"ಕ್ಲಾಸಿಗೆ ಅತಿಥಿ ಶಿಕ್ಷಕರು ಇದಾರಲ್ಲ ಸರ್."

ಅವರು ಮೊಬೈಲು ತೆಗೆದರು. ಶನಿವಾರ ಬಂದ ಪ್ರತಿಮಾ ಭಾವನ ಮನೆಯಲ್ಲೇ ಉಳಿದಿದ್ದಳು. ಹತ್ತು ನಿಮಿಷದಲ್ಲಿ ರಾಜೇಂದ್ರ ಬೈಕಿನಲ್ಲಿ ಅವಳನ್ನು ತಂದು ಇಳಿಸಿದ. ಅವಳು ಸೀರೆ ಸರಿಮಾಡಿಕೊಂಡು ತರಗತಿಗೆ ಹೋದಳು. ಮಕ್ಕಳು ಎದ್ದು ನಿಂತರು. ಅಡುಗೆಕೋಣೆಗೆ ಎಲ್ಲ ಕೇಳುತ್ತಿತ್ತು.

"ಕೂತ್ಕೊಳ್ಳಿ. ನಾನು ನಿಮ್ಮ ಟೀಚರ್."

"ಯಾವತ್ತಿಂದ ಮೇಡಂ?" ಒಂದು ಹುಡುಗಿಯ ದನಿ. ಚೇಷ್ಟೆಯಲ್ಲ. ನಿಜವಾಗಿಯೂ ಗೊತ್ತಿರಲಿಲ್ಲ.

ರಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಸಾಂಬಾರು ಕುದಿಯಿತು. ರಂಗಮ್ಮ ಮೂವತ್ತು ವರ್ಷದ ಅಭ್ಯಾಸದಂತೆ ಸೌಟಿನಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದಳು. ನೆಕ್ಕಿದ ಮೇಲೆ ಅವಳಿಗೆ ಹೊಳೆಯಿತು. ಅಂಗೈ ನೋಡಿದಳು. ಕುಮುದಾಳನ್ನು ನೋಡಿದಳು.

"ಉಪ್ಪು ಒಂಚೂರು ಬೇಕು," ಎಂದಳು ರಂಗಮ್ಮ.

ಕುಮುದಾ ಉಪ್ಪು ಹಾಕಿದಳು. ಒಂದು ತಟ್ಟೆಗೆ ಅನ್ನ ಸಾಂಬಾರು ಬಡಿಸಿ, ರುಚಿ ಪುಸ್ತಕ ಕಂಕುಳಲ್ಲಿಟ್ಟು ಹೆಡ್‌ಮಾಸ್ಟರರ ಕೋಣೆಗೆ ಹೋದಳು. ರಾಜೇಂದ್ರ ಅಲ್ಲೇ ಇದ್ದ. ಪ್ರತಿಮಾ ತರಗತಿ ಬಿಟ್ಟು ಬಂದು ಫ್ಯಾನಿನ ಕೆಳಗೆ ಕೂತಿದ್ದಳು. ಕುಮುದಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಪುಸ್ತಕವನ್ನು ಬಿಚ್ಚಿ ಇಟ್ಟಳು.

"ರುಚಿ ನೋಡಿ ಸಹಿ ಹಾಕಿ ಸರ್. ಮಕ್ಕಳಿಗೆ ಬಡಿಸ್ಬೇಕು."

ಮಂಜುನಾಥಪ್ಪ ಪೆನ್ನು ತೆಗೆದು ಪುಸ್ತಕ ಎಳೆದುಕೊಂಡರು. ಕುಮುದಾ ಪುಟದ ಮೇಲೆ ಅಂಗೈ ಇಟ್ಟಳು.

"ಉಂಡು ಹಾಕಿ."

ಅವರು ತಟ್ಟೆಯನ್ನು ನೋಡಿದರು. ಪೇಟೆ ಹೋಟೆಲಿನಲ್ಲಿ ಉಣ್ಣುವವರು. ಕೈ ಮುಂದೆ ಬರಲಿಲ್ಲ. ರಾಜೇಂದ್ರನ ಮುಖ ನೋಡಿದರು. ಅವನು ಕಿಟಕಿಯ ಆಚೆ ನೋಡುತ್ತಿದ್ದ.

"ಮೇಡಂ ನೀವು ನೋಡ್ತೀರಾ? ದಿನಾ ನೀವೇ ನೋಡೋದಲ್ವಾ?"

ಪ್ರತಿಮಾ ಮೊಬೈಲಿನಲ್ಲಿ ಏನನ್ನೋ ಹುಡುಕತೊಡಗಿದಳು. ಅನ್ನದ ಮೇಲಿನ ಹಬೆ ಕಡಿಮೆಯಾಗುತ್ತಾ ಬಂತು.

"ಇವತ್ತು ಊಟ ಇಲ್ಲ," ಎಂದರು ಕೊನೆಗೆ ಮಂಜುನಾಥಪ್ಪ. "ಗ್ಯಾಸ್ ಖಾಲಿ ಅಂತ ಬರೀತೀನಿ."

"ಗ್ಯಾಸ್ ಇದೆ ಸರ್."

ರಾಜೇಂದ್ರ ಕಿಟಕಿಯಿಂದ ತಿರುಗಿದ. ದನಿ ಏರಿಸಲಿಲ್ಲ. "ನಾಳೆಯಿಂದ ಬರ್ಬೇಡ. ಸಮಿತಿ ತೀರ್ಮಾನ ಅಂತ ತಿಳ್ಕೋ. ಓದ್ಸಿದ್ದೇ ತಪ್ಪು ನಿಮ್ಮನ್ನ."

"ನೀವು ಓದ್ಸಿಲ್ಲ," ಎಂದಳು ಕುಮುದಾ. ತಟ್ಟೆ ಎತ್ತಿಕೊಂಡು ಹೊರಟಳು.

ಅಂಗಳದಲ್ಲಿ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದರು. ಮಂಜುನಾಥಪ್ಪ ಜಗುಲಿಯಿಂದ ಹೇಳಿದರು, ಮನೆಗೆ ಹೋಗಿ ಉಂಡು ಬನ್ನಿ. ಮೂವತ್ತೆರಡು ಮಕ್ಕಳು ಎದ್ದರು. ಸುಷ್ಮಾ ಎದ್ದು, ಎರಡು ಹೆಜ್ಜೆ ಇಟ್ಟು, ಹಿಂದೆ ನೋಡಿದಳು. ಅವಳ ಅಣ್ಣ ಕೈ ಹಿಡಿದು ಎಳೆದ. ಹೋದಳು. ಕುಮುದಾ ಅವಳನ್ನು ತಡೆಯಲಿಲ್ಲ. ಒಂಬತ್ತು ಮಕ್ಕಳಿಗೆ ಬಡಿಸಿದಳು. ತಾನೂ ಅಡುಗೆಕೋಣೆಯ ಹೊಸ್ತಿಲ ಮೇಲೆ ಕೂತು, ಹೆಡ್‌ಮಾಸ್ಟರರಿಗೆಂದು ಬಡಿಸಿದ ತಟ್ಟೆಯಲ್ಲಿ ಉಂಡಳು. ಹಂಡೆಯಲ್ಲಿ ಉಳಿದದ್ದನ್ನು ರಂಗಮ್ಮ ಹೊರಗೆ ಸುರಿಯುವ ಶಬ್ದ ಕೇಳಿತು. ನಾಯಿಗಳು ಬಂದವು. ನಾಯಿಗಳು ಉಂಡವು.

ಎರಡೂವರೆಯ ಬಸ್ಸಿಗೆ ಅವಳು ಹೊಸನಗರಕ್ಕೆ ಹೋದಳು. ದಾರಿಯಲ್ಲಿ ತೊಡೆಯ ಮೇಲೆ ಹಾಳೆ ಇಟ್ಟು ಬರೆದಳು. ಕೃಷ್ಣಕುಮಾರನ ಮುಂದೆ ಅದನ್ನಿಟ್ಟಳು.

"ಹಿಂದಿನದು ಬೇಡ. ಇದನ್ನ ಇದ್ದ ಹಾಗೇ ಹೊಡೀರಿ."

ಅವನು ಹೊಡೆಯತೊಡಗಿದ. ವಿಳಾಸ, ಕಾಲೋನಿ ಸಮೇತ. ವಿಧವೆ. ಗಂಡ ದುರ್ಗೇಶ್, ಕರೆಂಟ್ ಕಂಬದ ಮೇಲೆ ತೀರಿಕೊಂಡದ್ದು. ಕಂಬ ಹತ್ತಿದ್ದ. ಅನುಭವ, ಮೂರು ವರ್ಷ ಶೌಚಾಲಯ ತೊಳೆದದ್ದು, ನೇಮಕ ಇಲ್ಲ. ಮೂರು ವರ್ಷ ನಾಲ್ಕರಿಂದ ಏಳನೆಯ ತರಗತಿಗೆ ಕನ್ನಡ ಮತ್ತು ಗಣಿತ, ಹಾಜರಿ ಬೇರೆಯವರ ಹೆಸರಿನಲ್ಲಿ. ರೊಟ್ಟಿಯ ಬದಲು ಬಾಳೆಲೆಯಲ್ಲಿ ಭಿನ್ನರಾಶಿ ಕಲಿಸಿದ್ದು, ಕಾರಣ ಕೇಳಿದರೆ ಹೇಳುತ್ತೇನೆ. ಅಡುಗೆ ಸಹಾಯಕಿ, ಮೊದಲು ಮೂರು ದಿನ, ಈ ದಿನ ಒಂದು, ಒಟ್ಟು ನಾಲ್ಕು ದಿನ. ಈ ದಿನ ಮಾಡಿದ್ದು ನಲವತ್ತೊಂದು ಮಕ್ಕಳಿಗೆ. ಉಂಡವರು ಒಂಬತ್ತು. ರುಚಿ ಪುಸ್ತಕದಲ್ಲಿ ಈ ದಿನದ ಸಹಿ ಇಲ್ಲ.

ರಂಗಮ್ಮ ನೆಕ್ಕಿದ ಹನಿಯನ್ನು ಮಾತ್ರ ಕುಮುದಾ ಬರೆದಿರಲಿಲ್ಲ. ಅವಳ ಮನೆಯಲ್ಲಿ ಕಾಯಿಲೆಯ ಗಂಡನಿದ್ದ.

ಕೃಷ್ಣಕುಮಾರ್ ಕೈ ತೆಗೆದ. "ಅಕ್ಕ, ಇದಕ್ಕೆ ಯಾರೂ ಕೆಲಸ ಕೊಡಲ್ಲ."

"ಗೊತ್ತು."

"ಮತ್ತೆ?"

"ಎರಡು ಪ್ರತಿ ತೆಗೀರಿ. ಒಂದು ತೀರ್ಥಹಳ್ಳಿಗೆ. ಇನ್ನೊಂದು ಇಲ್ಲೇ, ಕ್ಷೇತ್ರ ಶಿಕ್ಷಣಾಧಿಕಾರಿಗೆ. ಐದು ಗಂಟೆ ಒಳಗೆ ಕೊಟ್ಟು ಸ್ವೀಕೃತಿ ಹಾಕ್ಸ್ಕೋಬೇಕು."

ಅವನು ಅವಳನ್ನು ಒಮ್ಮೆ ನೋಡಿ ಮತ್ತೆ ಪರದೆಯತ್ತ ತಿರುಗಿದ. "ಕೊನೆಗೆ ಎಲ್ಲರದ್ರಲ್ಲೂ ಒಂದು ಸಾಲು ಇರತ್ತೆ. ಮೇಲ್ಕಂಡ ವಿವರಗಳೆಲ್ಲ ಸತ್ಯ ಅಂತ. ಯಾರೂ ಓದಲ್ಲ. ಹಾಕ್ಲಾ?"

"ಹಾಕಿ."

ಪ್ರಿಂಟರಿನಿಂದ ಹಾಳೆ ಬೆಚ್ಚಗೆ ಬಂತು. ಅವನು ಪೆನ್ನು ಕೊಟ್ಟ. ಹಿಡಿದಾಗ ಬೆಳಿಗ್ಗೆ ಹಂಡೆಗೆ ತಾಗಿದ ಎರಡು ಬೆರಳು ಚುರ್ರೆಂದವು. ಗುಳ್ಳೆ ಇನ್ನೂ ಎದ್ದಿರಲಿಲ್ಲ. ಉರಿ ಆಗಲೇ ಗೊತ್ತಾಗುತ್ತಿತ್ತು. ಕುಮುದಾ ಪೆನ್ನನ್ನು ಆ ಬೆರಳುಗಳಲ್ಲೇ ಗಟ್ಟಿಯಾಗಿ ಹಿಡಿದು ಸಹಿ ಹಾಕಿದಳು.